ಫಾಂಗ್ ತಾತನ ಸೆಲ್ಯೂಟ್

ಎರಡನೇ ತರಗತಿಯಲ್ಲಿ ಕೊರಳು ಬರಿದಾಗಿ ಉಳಿದವರು ಬೆರಳೆಣಿಕೆಯಷ್ಟು ಮಕ್ಕಳು. ಅವರಲ್ಲಿ ಸುಯಿಸುಯಿ ಒಬ್ಬಳು. ಮಿಕ್ಕವರಿಗೆಲ್ಲ ಬಾಲಪಡೆಗೆ ಸೇರಿದವರು ತೊಡುವ ಕೆಂಪು ಸ್ಕಾರ್ಫ್ ಮೊದಲ ಸರದಿಯಲ್ಲೇ ಸಿಕ್ಕಿತ್ತು. ಅದು ದೇಶದ ಬಾವುಟದ ಒಂದು ಮೂಲೆ ಎಂದು ವೆನ್ ಟೀಚರು ಹೇಳಿದ ಮೇಲಂತೂ ಆ ಮಕ್ಕಳ ಗತ್ತೇ ಗತ್ತು. ಊಟಕ್ಕೆ ಕೂತರೆ ಸಾರು ತಾಗದಂತೆ ಅದನ್ನು ಹೆಗಲ ಹಿಂದಕ್ಕೆ ಎಸೆದುಕೊಳ್ಳುವುದೇನು! ಸೋಮವಾರ ಬಾವುಟ ಏರುವಾಗ ಅವರೆಲ್ಲ ತಲೆಯ ಮೇಲೆ ಕೈಯೆತ್ತಿ ಸೆಲ್ಯೂಟ್ ಹೊಡೆದರೆ, ಸುಯಿಸುಯಿ ಕೈ ಇಳಿಬಿಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಪಕ್ಕದ ಬೆಂಚಿನವನು ಅವಳಿಗೆ 'ಬೋಳುಕತ್ತು' ಎಂದು ಹೆಸರನ್ನೂ ಇಟ್ಟಿದ್ದ.

ನಿನ್ನ ಸೆಲ್ಯೂಟ್ ಸರಿಯಿಲ್ಲ, ಎರಡನೇ ಸರದಿಯ ಹೊತ್ತಿಗೆ ಮನೆಯಲ್ಲಿ ಕಲಿತು ಬಾ ಎಂದು ಟೀಚರು ಹೇಳಿ ಕಳಿಸಿದ್ದರು. ಕೇಳಿದ್ದೇ ತಡ, ತಾತ ಕೆಂಡವಾದ. ಬಸ್ ನಿಲ್ದಾಣದ ಎದುರು ಕ್ಷೌರದಂಗಡಿ ಇಟ್ಟಿರುವ ಫಾಂಗ್ ತಾತ, ಚಿಕ್ಕಂದಿನಲ್ಲಿ ತನ್ನಂಥ ಸೆಲ್ಯೂಟ್ ಊರಲ್ಲೇ ಇರಲಿಲ್ಲವೆಂದು ಗಿರಾಕಿಗಳ ತಲೆ ತಿನ್ನುವ ಆಸಾಮಿ. ಅವನು ಕಲಿಸಿದ್ದು ತಪ್ಪಾಗುವುದುಂಟೇ? ದಿನಾ ಸಂಜೆ ಮೊಮ್ಮಗಳ ಎದುರು ನಿಂತು ಕೈಯೆತ್ತಿ ತೋರಿಸಿದ. ಅವಳೂ ಹಾಗೇ ಎತ್ತಿದಳು. ಭೇಷ್ ಎಂದ.

ಎರಡನೇ ಸರದಿಯ ಹಿಂದಿನ ಸಂಜೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ಸವರುತ್ತಾ, ಎಲ್ಲಿ ಒಮ್ಮೆ ಹೊಡಿ ನೋಡೋಣ ಎಂದ. ಹಿಂದೆ ನಿಂತು ತಾನೂ ಹೊಡೆದ. ಕನ್ನಡಿಯಲ್ಲಿ ಅವನ ಕೈ ಒಂದು ಕಡೆ, ಅವಳ ಕೈ ಇನ್ನೊಂದು ಕಡೆ.

"ಅಯ್ಯೋ ಪುಟ್ಟಿ," ಎಂದು ಕತ್ತರಿ ಕೆಳಗಿಟ್ಟ. "ಇಷ್ಟು ದಿನ ನಿಂಗೆ ಎಡಗೈನೇ ಕಲಿಸಿಬಿಟ್ನಲ್ಲೇ."

ಎದುರು ನಿಂತವನು ಬಲಗೈ ಎತ್ತಿದ್ದ. ನೋಡಿ ಕಲಿತವಳು ಅದೇ ಪಕ್ಕದ ಎಡಗೈ ಎತ್ತಿದ್ದಳು. ಜೀವಮಾನವಿಡೀ ಜನರನ್ನು ಕನ್ನಡಿಯಲ್ಲೇ ನೋಡಿದವನ ಕಣ್ಣಿಗೆ ಅದೇ ಸರಿಯೆಂದು ಕಂಡಿತ್ತು. ಆಮೇಲೆ ಎಷ್ಟು ತಿದ್ದಿದರೂ, "ಸಿದ್ಧರಾಗಿ" ಎಂಬ ಸೆಲ್ಯೂಟಿನ ಕರೆ ಕೇಳಿದೊಡನೆ ಎಡಗೈಯೇ ಮೇಲೆ ಹಾರುತ್ತಿತ್ತು. ಸುಯಿಸುಯಿ ಬಿಕ್ಕಿ ಬಿಕ್ಕಿ ಅತ್ತಳು.

"ನಾಳೇನೂ ತಪ್ಪಾದ್ರೆ ಟೀಚರ್ ನನ್ನ ಸೇರಿಸಿಕೊಳ್ಳಲ್ಲ ತಾತಾ."



ಮರುದಿನ ಮೈದಾನದಲ್ಲಿ ಡೋಲು ಬಡಿಯಿತು. ಐದನೇ ತರಗತಿಯ ದೊಡ್ಡ ಹುಡುಗಿಯೊಬ್ಬಳು ಸುಯಿಸುಯಿಯ ಕೊರಳಿಗೆ ಸ್ಕಾರ್ಫ್ ಕಟ್ಟಿ, ಗಂಟು ಬಿಗಿದು, ಪಕ್ಕಕ್ಕೆ ಸರಿದು ನಿಂತಳು. ಇನ್ನು ಸೆಲ್ಯೂಟ್. ತಪ್ಪಿದರೆ ಕಟ್ಟಿದ್ದನ್ನು ಬಿಚ್ಚಿಬಿಡುತ್ತಾರೆ ಎಂದು ಸುಯಿಸುಯಿ ಹೆದರಿದಳು. ಬಲ ಯಾವುದು, ಎಡ ಯಾವುದು, ಒಂದೂ ತೋಚಲಿಲ್ಲ. ಎದುರಿಗೆ ಬೇಲಿಯ ಆಚೆ ತಂದೆತಾಯಂದಿರ ನಡುವೆ ತಾತ ಕಂಡ.

"ಸಿದ್ಧರಾಗಿ!" ಎಂದರು ವೆನ್ ಟೀಚರು.

ತಾತ ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕಾಣುವಂತೆ, ತನ್ನ ಎಡಗೈಯನ್ನು ತಲೆಯ ಮೇಲೆತ್ತಿದ. ಪಕ್ಕದ ಹೆಂಗಸು ಕಿಸಕ್ಕನೆ ನಕ್ಕಳು. ಈ ಮುದುಕನಿಗೆ ಸೆಲ್ಯೂಟ್ ಹೊಡೆಯೋಕೂ ಬರಲ್ವಲ್ಲ ಎಂದು ಯಾರೋ ಗೊಣಗಿದ್ದು ಸುಯಿಸುಯಿಗೂ ಕೇಳಿಸಿತು. ಅವನು ಅತ್ತ ತಿರುಗಲಿಲ್ಲ. ಮೊಮ್ಮಗಳನ್ನೇ ನೋಡುತ್ತಿದ್ದ.

ದಿನಾ ಸಂಜೆ ಮಾಡುವಂತೆ, ಅವನನ್ನೇ ನೋಡುತ್ತಾ, ಸುಯಿಸುಯಿ ಕೈಯೆತ್ತಿದಳು. ಬಲಗೈ.

"ಸದಾ ಸಿದ್ಧ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು. ಅವಳು ಕೈ ಇಳಿಸುವವರೆಗೂ ತಾತ ತನ್ನ ಎಡಗೈ ಇಳಿಸಲಿಲ್ಲ.