ಮಾವನವರ ಪೆಟ್ರೋಲ್ ಮುಳ್ಳು

ತಕ್ಕಡಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಮನುಷ್ಯ ಮುಳ್ಳನ್ನು ನಂಬದೆ ಇನ್ಯಾರನ್ನು ನಂಬಬೇಕು? ಆದರೆ ಅದೇ ಕಸುಬಿನ ನಮ್ಮ ಕಥೆಯ ಅಳಿಯ ನಂಬಬೇಕಾಗಿದ್ದ ಮಾವನವರ ಕಾರಿನಲ್ಲಿ ಪೆಟ್ರೋಲ್ ಮುಳ್ಳು ಎರಡು ವರ್ಷದಿಂದ ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಟ್ಯಾಂಕ್ ತುಂಬಿದರೂ ಅಷ್ಟೆ, ಬರಿದಾದರೂ ಅಷ್ಟೆ.

ಮಾವನವರು ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಯಾರಾದರೂ ಪೆಟ್ರೋಲ್ ಎಷ್ಟಿದೆ ಎಂದು ಕೇಳಿದರೆ ಸಾಕು, ಹಿಂದಿನ ಚಕ್ರದ ಹತ್ತಿರ ಬಗ್ಗಿ, ಕಾರನ್ನು ಎರಡು ಸಲ ಅಲುಗಾಡಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟು ತೀರ್ಪು ಕೊಡುತ್ತಿದ್ದರು. ತೀರ್ಪು ಸುಳ್ಳಾದದ್ದಿಲ್ಲ. ರಿಪೇರಿಯ ಮಾತೆತ್ತಿದರೆ ಮಾತ್ರ ಮುಖ ಊದಿಕೊಳ್ಳುತ್ತಿತ್ತು. "ಯಾಕೆ, ನನ್ನ ಮೇಲೆ ನಂಬಿಕೆ ಹೋಯ್ತಾ?"

ಅಳಿಯನಿಗೆ ಈಗ ನಂಬಿಕೆಯ ವಿಚಾರ ಚರ್ಚಿಸುವಷ್ಟು ಪುರುಸೊತ್ತಿರಲಿಲ್ಲ. ಹೆಂಡತಿಗೆ ದಿನ ತುಂಬಿತ್ತು. ಆಸ್ಪತ್ರೆ ಇಪ್ಪತ್ತು ಕಿಲೋಮೀಟರ್ ದೂರ, ದಾರಿಯಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲ. ನೋವು ತಿನ್ನುತ್ತಿರುವ ಹೆಂಡತಿಯನ್ನು ಕೂರಿಸಿಕೊಂಡ ಕಾರು ನಡುದಾರಿಯಲ್ಲಿ ಕೆಮ್ಮಿ ನಿಂತಂತೆ ಅವನಿಗೆ ಮೂರು ಸಲ ಕನಸು ಬಿದ್ದಿತ್ತು. ಕನಸಿನಲ್ಲಿ ಮಾವನವರು ಬಾನೆಟ್ ಮೇಲೆ ಕಿವಿಯಿಟ್ಟು, "ಇನ್ನೂ ಇದೆ, ಇನ್ನೂ ಇದೆ" ಎನ್ನುತ್ತಿದ್ದರು.

ಹೀಗಾಗಿ, ಮಾವನವರು ಊಟ ಮುಗಿಸಿ ಗೊರಕೆಗೆ ಇಳಿದ ಒಂದು ಮಧ್ಯಾಹ್ನ ಅವನು ಕಳ್ಳನಂತೆ ಶೆಡ್ಡಿಗೆ ನುಗ್ಗಿದ.

ಮೊದಲು ಕೀ ತಿರುಗಿಸಿದ. ಪಕ್ಕದಲ್ಲಿದ್ದ ಬ್ಯಾಟರಿಯ ಮುಳ್ಳು ಚಂಗನೆ ಎದ್ದಿತು, ಅಂದರೆ ಫ್ಯೂಸಿನದ್ದು ತಪ್ಪಿಲ್ಲ. ಮೀಟರಿನ ಹಿಂದೆ ಕೈ ತೂರಿಸಿ, ಮೊಣಕೈ ತರಚಿಸಿಕೊಂಡು ತಡಕಾಡಿದ. ವೈರುಗಳೆಲ್ಲ ಬಿಗಿಯಾಗಿದ್ದವು. ಇನ್ನುಳಿದದ್ದು ಟ್ಯಾಂಕು. ಅದರೊಳಗೆ ಪೆಟ್ರೋಲಿನ ಮೇಲೆ ಒಂದು ಬುಂಡೆ ತೇಲುತ್ತಿರುತ್ತದೆ. ಅದು ಏರಿಳಿದಂತೆ ಮುಳ್ಳಿಗೆ ಸುದ್ದಿ ಮುಟ್ಟಿಸಲು ಒಂದು ವೈರು ಇರುತ್ತದೆ. ಬುಂಡೆ ತೂತಾಗಿ ಮುಳುಗಿರಬೇಕು ಎಂದುಕೊಂಡು ಹಿಂದಿನ ಸೀಟು ಎತ್ತಿ, ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದ.

ತೆಗೆದವನು ಹಾಗೇ ಕೂತುಬಿಟ್ಟ. ವೈರು ಹರಿದಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ಯಾರೋ ಪ್ಲಗ್ ಬಿಡಿಸಿ, ಅದರ ತುದಿಗೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಸುತ್ತಿದ್ದರು. ಬಿಚ್ಚಲು ಸಲೀಸಾಗಲೆಂದು ಮೂಲೆಯನ್ನು ಮಡಿಚಿದ್ದರು. ಆ ಮನೆಯಲ್ಲಿ ಹಾಗೆ ಮೂಲೆ ಮಡಿಚುವವರು ಒಬ್ಬರೇ, ಮೂವತ್ತು ವರ್ಷ ನರ್ಸ್ ಆಗಿದ್ದ ಅತ್ತೆ.

ಪ್ಲಗ್ ಸಿಕ್ಕಿಸಿ ಕೀ ತಿರುಗಿಸಿದರೆ, ಮುಳ್ಳು ಮೈಮುರಿದು ಎದ್ದು ಅರ್ಧ ದಾಟಿ ನಿಂತಿತು. ಬೆಳಿಗ್ಗೆ ಮಾವನವರು ಹೇಳಿದ್ದೂ ಅಷ್ಟೇ. ಅಳಿಯನ ಮೈ ಜುಮ್ಮೆಂದಿತು.

"ಸಿಕ್ಕಿಬಿಡ್ತಾ?" ಅತ್ತೆ ಕಾಫಿ ಲೋಟ ಹಿಡಿದು ಹಿಂದೆಯೇ ನಿಂತಿದ್ದರು.

"ನೀವಾ ಅತ್ತೆ? ಯಾಕೆ?"

"ಮೆಲ್ಲಗೆ ಮಾತಾಡು. ರಿಟೈರ್ ಆದ ಹೊಸದರಲ್ಲಿ ಇವರನ್ನ ನೀನು ನೋಡಿಲ್ಲ. ಮೂಲೇಲಿ ಕೂತು ಗೋಡೆ ನೋಡೋರು. ಒಂದು ಮಾತು ಕೇಳೋರು ಇರಲಿಲ್ಲ. ಒಂದಿನ ಈ ಮುಳ್ಳು ಕೈಕೊಡ್ತು. ಮಗಳು, 'ಅಪ್ಪಾ, ಪೆಟ್ರೋಲ್ ಎಷ್ಟಿರಬಹುದು' ಅಂದ್ಲು. ಮುಖ ಹೇಗೆ ಅರಳ್ತು ಅಂತೀಯಾ! ಮಾರನೇ ದಿನ ಮುಳ್ಳು ತಾನಾಗೇ ಸರಿಹೋಯ್ತು. ನಾನು ಬಿಡಲಿಲ್ಲ." ಅತ್ತೆ ಕಣ್ಣೊರೆಸಿಕೊಂಡರು. "ಅವರಿಗೆ ಹೇಳಬೇಡ, ನನ್ನಾಣೆ."

ಅತ್ತೆ ಒಳಗೆ ಹೋದರು. ಅಳಿಯನ ಭಯ ಮಾತ್ರ ಹಾಗೇ ಉಳಿಯಿತು. ಮುಳ್ಳನ್ನು ಮತ್ತೆ ಕೊಲ್ಲುವುದೋ, ಬದುಕಲು ಬಿಡುವುದೋ? ಅಷ್ಟರಲ್ಲಿ ಗೊರಕೆ ನಿಂತಿದ್ದು ಅವನ ಗಮನಕ್ಕೆ ಬಂತು. ಮಾವನವರು ಶೆಡ್ಡಿನ ಬಾಗಿಲಲ್ಲಿದ್ದರು.

"ಅವಳಿಗೆ ಗೊತ್ತಾಯ್ತಾ?"

"ಏನು ಮಾವ?"

"ನನಗೆ ಗೊತ್ತು ಅನ್ನೋದು." ಮಾವನವರು ಅಂಗಿಯ ಜೇಬಿನಿಂದ ಪ್ಲಾಸ್ಟರಿನ ಸುರುಳಿ ತೆಗೆದರು. "ಅವಳು ಸುತ್ತಿದ್ದು ವಾರಕ್ಕೇ ಕಿತ್ತುಹೋಯ್ತು. ಅಲ್ಲಿಂದ ದಿನಾ ಬೆಳಿಗ್ಗೆ ನಾನೇ ಬಿಚ್ಚಿ, ಪ್ಲಗ್ ಹಾಕಿ, ಮುಳ್ಳು ನೋಡಿ, ಮತ್ತೆ ಸುತ್ತಿಡ್ತೀನಿ. ಮೂಲೆ ಮಡಿಚೋದು ಕಲಿಯೋಕೇ ತಿಂಗಳು ಹಿಡೀತು."

"ಹಾಗಾದ್ರೆ ಆ ಕಿವಿಗೊಟ್ಟು ಕೇಳೋದು?"

"ಮೂವತ್ತೆಂಟು ವರ್ಷ ಬಸ್ಸಿನ ಇಂಜಿನ್ ಪಕ್ಕ ಕೂತವನಿಗೆ ಕಿವಿ ಎಲ್ಲಿಂದ ಬರಬೇಕು? ಎಡಗಿವಿ ಪೂರ್ತಿ ಹೋಗಿದೆ." ಮಾವನವರು ಅಡುಗೆಮನೆಯ ಕಿಟಕಿಯತ್ತ ನೋಡಿದರು. "ನನಗೋಸ್ಕರ ಅಷ್ಟು ಮಾಡಿದ್ದಾಳೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಅವಳಿಗೆ ಹೇಳಬೇಡ, ನನ್ನಾಣೆ."

ಎರಡನೆಯ ಆಣೆಗೆ ತಲೆಯಾಡಿಸುವಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು. ಆ ಕೂಗಿಗೆ ಅರ್ಥ ಹೇಳುವವರು ಬೇಕಿರಲಿಲ್ಲ.

ಮುಚ್ಚಳ ಮುಚ್ಚಿ, ಸೀಟು ಕೂರಿಸಿ, ಚೀಲ ತುಂಬಿ, ಐದೇ ನಿಮಿಷದಲ್ಲಿ ನಾಲ್ವರೂ ಕಾರಿನಲ್ಲಿದ್ದರು. ಪ್ಲಗ್ ಬಿಡಿಸಲು ಯಾರಿಗೂ ನೆನಪಾಗಲಿಲ್ಲ. ಮಾವನವರು ಕೀ ತಿರುಗಿಸಿದರು, ಮುಳ್ಳು ಎಲ್ಲರ ಕಣ್ಣೆದುರೇ ಎದ್ದು ನಿಂತಿತು.

ಮಾವನವರ ಅಂಗೈ ಪಟ್ಟನೆ ಮೀಟರಿನ ಮೇಲೆ ಬಿತ್ತು. ಹಿಂದೆ ಕೂತ ಅತ್ತೆಗೆ ಇದ್ದಕ್ಕಿದ್ದಂತೆ ಶೆಡ್ಡಿನ ಗೋಡೆಯಲ್ಲಿ ಏನೋ ವಿಶೇಷ ಕಂಡಿತು. ಅಳಿಯ ಉಗುರು ನೋಡಿಕೊಂಡ.

"ಏನ್ರೀ," ಅತ್ತೆ ಗೋಡೆಯಿಂದ ಕಣ್ಣು ತೆಗೆಯದೆ ಕೇಳಿದರು, "ಪೆಟ್ರೋಲ್ ಸಾಕಾಗುತ್ತಾ?"

ಮಾವನವರು ಕೂತಲ್ಲೇ ಎರಡು ಸಲ ಕುಲುಕಾಡಿ, ಕಣ್ಣು ಮುಚ್ಚಿ, ಕಿವಿಗೊಟ್ಟರು.

"ಅಪ್ಪಾ!" ಮಗಳು ಕಿರುಚಿದಳು. "ಮುಳ್ಳು ಎದ್ದಿದ್ದು ನಾನೇ ನೋಡಿದೆ! ಅರ್ಧ ಇದೆ! ಹೊರಡ್ರೋ!"

ಕಾರು ಗೇಟು ದಾಟಿತು. ಆಮೇಲೆ ಮಾವನವರು ಮೆಲ್ಲಗೆ ಹೇಳಿದರು, "ಅರ್ಧ ಅಲ್ಲ. ಅರ್ಧದ ಮೇಲೆ ಎರಡು ಲೀಟರ್."

"ಮತ್ತೆ!" ಅತ್ತೆ ಮಗಳ ಬೆನ್ನು ನೀವುತ್ತ ಅಂದರು. "ಅಷ್ಟು ಸರಿಯಾಗಿ ಮುಳ್ಳಿಗೆಲ್ಲಿ ಗೊತ್ತಾಗುತ್ತೆ?"