ಗೂಡಿಲ್ಲದ ಕುಣಿ

"ನಿಲ್ಲಸ್ರಿ, ಗೂಡು ತೋಡಬ್ಯಾಡ್ರಿ!"

ಕುಣಿಯೊಳಗೆ ಗುದ್ದಲಿ ಎತ್ತಿದ್ದ ವಿರೇಶ ಮೇಲೆ ನೋಡಿದ. ಅಂಚಿನಲ್ಲಿ ಅವನ ಚಿಕ್ಕಮ್ಮ ಸೂಗಮ್ಮ ನಿಂತಿದ್ದಳು. ಗಂಡನ ಹೆಣದ ಹತ್ತಿರ ಕೂತಿರಬೇಕಾದವಳು ಗೊರೇಬಾಳದ ಮನೆಯಿಂದ ಬರಿಗಾಲಲ್ಲಿ ಹೊಲಕ್ಕೆ ಓಡಿ ಬಂದಿದ್ದಳು. ಭತ್ತದ ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಆ ಮಂಜಿನಲ್ಲಿ ಗಂಡ ಅಮರಗುಂಡಪ್ಪ ಬದುವಿನ ಮೇಲೆ ನಡೆದು ಬರುವಂತೆ ದಾರಿಯುದ್ದಕ್ಕೂ ಅವಳಿಗೆ ಕಂಡಿತ್ತು.

ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಸತ್ತವರನ್ನು ಅದರೊಳಗೆ ಕೂರಿಸಿ ಮಣ್ಣು ಮುಚ್ಚುವುದು ಆ ಮನೆತನದ ಪದ್ಧತಿ. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ತಲಿ ಕೆಟ್ಟೈತೇನ್ ಸೂಗವ್ವಾ?" ಎಂದ ವಿರೇಶನ ಅಪ್ಪ ಬಸ್ಸಪ್ಪ. "ನನ್ನ ತಮ್ಮಗ ಗೂಡಿಲ್ದ ಸಮಾಧಿ? ಮಂದಿ ಏನಂದಾರು?"

"ಏನರ ಅನ್ಲಿ ಭಾವಾ. ಗ್ವಾಡಿ ನಡುವ ಆತನ್ನ ಇನ್ನೊಮ್ಮೆ ಕೂಡ್ಸಾಕ ನಾ ಬಿಡಂಗಿಲ್ಲ."

*

ಕೆಲವು ವರ್ಷಗಳ ಹಿಂದೆ ಯಾರದೋ ಹೊಲದ ಪಂಪ್‌ಸೆಟ್ ಮೋಟಾರು ಕಳುವಾದಾಗ, ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಮರಗುಂಡಪ್ಪನನ್ನು ಪೊಲೀಸರು ಸಂಶಯದ ಮೇಲೆ ಎತ್ತಿಕೊಂಡು ಹೋದರು. ಕೇಸಿಲ್ಲ, ಕೋರ್ಟಿಲ್ಲ. ಸೂಗಮ್ಮ ಠಾಣೆಗೆ ಹೋದರೆ ಅಂಥವನೇ ಇಲ್ಲಿಲ್ಲ ಎಂದು ಗದರಿ ಕಳಿಸಿದರು. ಅವನ ಚಪ್ಪಲಿ ಮಾತ್ರ ಠಾಣೆಯ ಬಾಗಿಲ ಹೊರಗೇ ಬಿದ್ದಿದ್ದವು.

"ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕೋಣ್ರೀ ಅಮ್ಮ," ಎಂದರು ಲಿಂಗಸುಗೂರಿನ ವಕೀಲೆ ಅಶ್ವಿನಿ. "ಹಿಡಿದಿಟ್ಟ ಮನುಷ್ಯಾನ್ನ ತಂದು ನಿಲ್ಲಸ್ರಿ, ಯಾವ ಕಾಯ್ದೆ ಮ್ಯಾಲೆ ಇಟ್ಟೀರಿ ಹೇಳ್ರಿ ಅಂತ ಕೋರ್ಟು ಪೊಲೀಸರನ್ನ ಕೇಳತೈತಿ."

"ನನ್ನಂಥಾಕಿ ಹೋದ್ರೂ ಕೇಳತೈತೇನ್ರಿ?"

"ಯಾರು ಹೋದ್ರೂ ಕೇಳಬೇಕ್ರಿ."

ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಸೂಗಮ್ಮನಿಗೆ ಎಲ್ಲವೂ ನೀರಿನಡಿ ನಡೆದಂತೆ ಕೇಳಿಸಿತು. ನ್ಯಾಯಾಧೀಶರು ಕಾಗದಪತ್ರ ಕೇಳಿದರು. ಪೊಲೀಸರು ತಲೆ ತಗ್ಗಿಸಿದರು. ಈಗಲೇ ಬಿಡಿ ಎಂಬ ಮಾತು ಬಂತು. ಅವಳ ಜೀವ ಹಗುರಾಯಿತು. ಆದರೆ ಅಮರಗುಂಡಪ್ಪ ಕೋರ್ಟಿನ ತೆರೆದೇ ಇದ್ದ ಬಾಗಿಲ ಮುಂದೆ, ಯಾರಾದರೂ ತೆಗೆಯಲಿ ಎಂಬಂತೆ ನಿಂತೇ ಇದ್ದ. ಅವಳೇ ಕೈ ಹಿಡಿದು ಹೊರಗೆ ಕರೆತಂದಳು.

ಆಮೇಲೆ ಅವನು ಮನೆಯೊಳಗೆ ಮಲಗಲಿಲ್ಲ. ಮಳೆಗಾಲದಲ್ಲೂ ಕಟ್ಟೆಯೇ ಗತಿ. ಬಾಗಿಲ ಚಿಲಕವನ್ನೂ ಕಿತ್ತುಹಾಕಿದ. ಕಳ್ಳರಿಗೆ ತ್ರಾಸಾಗಬಾರದೆಂದೇ ಎಂದು ಊರವರು ಚೇಷ್ಟೆ ಮಾಡಿದರೆ ಅವನೂ ನಗುತ್ತಿದ್ದ. ನಿನ್ನೆ ನಸುಕಿನಲ್ಲಿ ಅದೇ ಕಟ್ಟೆಯ ಮೇಲೆ ನಿದ್ದೆಯಲ್ಲೇ ಜೀವ ಹೋಗಿತ್ತು.

*

ಕ್ರಿಯೆ ಮಾಡಿಸಲು ಬಂದ ಆದಯ್ಯಸ್ವಾಮಿಗಳ ಮುಂದೆ ಬಸ್ಸಪ್ಪ ದೂರು ಇಟ್ಟ. ಸ್ವಾಮಿಗಳು ಸೂಗಮ್ಮನ ಕಡೆ ತಿರುಗಿದರು.

"ಯಾಕ ಬ್ಯಾಡಂತಿ, ನೀ ಹೇಳವ್ವ."

"ಅಜ್ಜಾರ, ಸತ್ತಾವ್ರಿಗೆ ಗ್ವಾಡಿ ತಿಳಿಯಂಗಿಲ್ಲ ಅನ್ನೋದು ನನಗೂ ಗೊತ್ತೈತ್ರಿ. ಆದ್ರ ನಾ ಇನ್ನೂ ಬದುಕೀನಲ್ರಿ? ಕಣ್ಣು ಮುಚ್ಚಿದಾಗೊಮ್ಮೆ ಆ ಗೂಡಿನ್ಯಾಗ ಕುಂತಾಂಗ ಕಾಣತಾನ್ರಿ. ಈ ಸಲ ನಾ ಯಾವ ಕೋರ್ಟಿಗೆ ಹೋಗ್ಲಿ?"

ಬಸ್ಸಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಸ್ವಾಮಿಗಳು ಕುಣಿಯ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದರು.

"ವಿರೇಶಾ, ಕುಣಿ ಅಗಲ ಮಾಡಪಾ. ನಡುವ ಕೂಡ್ಸೋಣು. ಯಾರರ ಕೇಳಿದ್ರ ನಾ ಹೇಳಕೋತೀನಿ."

ಹೊತ್ತು ತಿರುಗುವಷ್ಟರಲ್ಲಿ ಅಮರಗುಂಡಪ್ಪ ಕುಣಿಯ ನಟ್ಟನಡುವೆ, ವಿಭೂತಿ ಮತ್ತು ಪತ್ರೆಗಳ ನಡುವೆ ಕೂತಿದ್ದ. ಕೊನೆಯ ಸಲ ಮುಖ ನೋಡಲು ಜನ ಅಂಚಿನ ಸುತ್ತ ಒತ್ತೊತ್ತಾಗಿ ನಿಂತರು. ಮೊದಲ ಹಿಡಿ ಮಣ್ಣು ಸೂಗಮ್ಮನದು. ಅವಳು ಹಾಕಲಿಲ್ಲ. ಜನರ ನೆರಳು ಗಂಡನ ಮುಖವನ್ನು ಮುಚ್ಚಿತ್ತು.

"ಒಂದೀಟು ಸರೀರಿ," ಎಂದಳು.

ಬಸ್ಸಪ್ಪನೇ ಎರಡೂ ಕೈ ಚಾಚಿ ಪಡುವಣ ಕಡೆಯವರನ್ನು ಹಿಂದಕ್ಕೆ ಸರಿಸಿದ. ಬಿಸಿಲು ಕುಣಿಯೊಳಗೆ ಇಳಿದು ಅಮರಗುಂಡಪ್ಪನ ಹಣೆ, ಮೂಗು, ತುಟಿಗಳ ಮೇಲೆ ನಿಂತಿತು. ಸೂಗಮ್ಮ ಮುಷ್ಟಿ ಬಿಚ್ಚಿದಳು.