ಭತ್ತ ಕಡಿಯುವ ಹಲ್ಲು

ರಾಯಚೂರಿನ ವಿಜಯಲಕ್ಷ್ಮಿ ಡಾಕ್ಟರು ತಮ್ಮಲ್ಲಿ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡ ನಲವತ್ತು ಮಂದಿಯನ್ನು ಮೂರು ವರ್ಷಗಳಿಂದ ಗಮನಿಸುತ್ತಿದ್ದರು. ಬರೀ ಲೋಹದ ಕ್ಯಾಪ್, ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು, ಹಲ್ಲಿನ ಬಣ್ಣದ ಜಿರ್ಕೋನಿಯಾ: ಇವುಗಳಲ್ಲಿ ಯಾವುದು ಹೆಚ್ಚು ಬಾಳುತ್ತದೆ, ಯಾವುದು ಜನರಿಗೆ ಹಿಡಿಸುತ್ತದೆ ಎಂದು ತಿಳಿಯುವುದು ಅವರ ಉದ್ದೇಶ.

ಕ್ಯಾಪುಗಳನ್ನು ತಯಾರಿಸಿದವಳು ಉಮಾದೇವಿ. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ ಅದು. ತಪಾಸಣೆಗೆ ಬಾರದವರ ಊರಿಗೆ ಹೋಗಿ ಬರುವ ಕೆಲಸವೂ ಅವಳದೇ. ದೇವದುರ್ಗದ ಸಂಜೀವ ಮೇಷ್ಟ್ರಿಗೆ ತಮ್ಮ ಜಿರ್ಕೋನಿಯಾ ಯಾವ ಹಲ್ಲಿಗಿದೆ ಎಂಬುದೇ ಮರೆತಿತ್ತು. ಗಬ್ಬೂರಿನ ಗೋಪಮ್ಮನ ಲೋಹದ ಕ್ಯಾಪ್ ಹೊಸದರಂತೆಯೇ ಇತ್ತು. ಆದರೂ ಗೋಪಮ್ಮ, "ಎಲುಬು ಕೊಟ್ರೂ ಕಡೀತದ ಬೇ. ನಗಬೇಕಂದ್ರ ಮಾತ್ರ ಸೆರಗು ಅಡ್ಡ ಹಿಡೀಬೇಕು," ಎಂದಿದ್ದಳು.

ಉಳಿದವರು ಒಬ್ಬರೇ, ಮಾನ್ವಿಯ ರೈಸ್‌ಮಿಲ್ ಮಾಲೀಕ ಶಂಭುಲಿಂಗಪ್ಪ. ಎರಡು ವರ್ಷದಿಂದ ಬಂದಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಮಾನ್ವಿ ಬಸ್ಸಿನಲ್ಲಿ ಕುಳಿತ ಉಮಾದೇವಿಗೆ ಆ ಕ್ಯಾಪ್ ಮಾಡಿದ ದಿನವೇ ನೆನಪಾಗುತ್ತಿತ್ತು. ಅವರ ಪಿಂಗಾಣಿ ಕ್ಯಾಪ್ ಹಲ್ಲಿನ ಅಚ್ಚಿನ ಮೇಲೆ ತುಸು ಎತ್ತರ ನಿಂತಿತ್ತೆಂದು ಅವಳು ಉಜ್ಜಿದ್ದಳು, ಸಮಾಧಾನವಾಗದೆ ಮತ್ತೊಮ್ಮೆ ಉಜ್ಜಿದ್ದಳು. ಅಳೆದಾಗ ಪಿಂಗಾಣಿ ಇರಬೇಕಾದದ್ದಕ್ಕಿಂತ ತೆಳುವಾಗಿತ್ತು. ಅಷ್ಟರಲ್ಲಿ ಅವರು ಬಂದು ಕುರ್ಚಿಯಲ್ಲಿ ಕುಳಿತಾಗಿತ್ತು. ಅವಳು ಬಾಯಿ ಬಿಡದೆ ಕ್ಯಾಪಿನ ಡಬ್ಬಿಯನ್ನು ಡಾಕ್ಟರಿಗೆ ಒಳಗೆ ಕಳಿಸಿಬಿಟ್ಟಿದ್ದಳು. ಅದು ಒಡೆದಿರಬೇಕು, ಒಳಗಿನ ಹಲ್ಲೂ ಹೋಗಿರಬೇಕು, ಅದಕ್ಕೇ ಮುಖ ತೋರಿಸುತ್ತಿಲ್ಲ ಎಂದು ಎರಡು ವರ್ಷದಿಂದ ಅವಳ ಮನಸ್ಸು ಕೊರೆಯುತ್ತಿತ್ತು.

ಮಿಲ್ಲಿನ ಅಂಗಳದಲ್ಲಿ ಶಂಭುಲಿಂಗಪ್ಪ ಭತ್ತದ ರಾಶಿಯ ಮುಂದೆ ಕುಳಿತಿದ್ದರು. ಒಂದು ಕಾಳು ಸುಲಿದು, ಅಕ್ಕಿಯನ್ನು ದವಡೆಗಿಟ್ಟು ಕಡಿದು, "ಇನ್ನೂ ಹಸಿ ಅದ, ಒಣಗಿಸ್ರಿ," ಎಂದರು. ಮತ್ತೊಂದು ರಾಶಿ, ಮತ್ತೊಂದು ಕಾಳು; ಈ ಸಲ ಕಟ್ಟನೆ ಸಪ್ಪಳ. ಅದು ಉಮಾದೇವಿಗೂ ಕೇಳಿಸಿತು. ತೆಳು ಪಿಂಗಾಣಿ, ಅದರ ಮೇಲೆ ದಿನವಿಡೀ ಅಕ್ಕಿ.

"ಯಾಕ ಬರಲಿಲ್ರಿ ಯಪ್ಪಾ?"

"ನೋವಿಲ್ಲಂದ ಮ್ಯಾಗ ಡಾಕ್ಟರ್ ಮನಿಗೆ ಯಾಕ ಬರ್ಬೇಕವ್ವ? ಫೋನಂತೂ ಮಿಲ್ಲಿನ ಒಳಗಿದ್ರ ಗದ್ದಲದಾಗ ಕೇಳಂಗೇ ಇಲ್ಲ."

ಬಾಯಿ ತೆರೆಸಿ, ಟಾರ್ಚ್ ಹಿಡಿದು, ಪುಟ್ಟ ಕನ್ನಡಿಯನ್ನು ಬಲ ದವಡೆಗೆ ತಂದಳು. ಕ್ಯಾಪ್ ಇತ್ತು. ಅಂಚು ಹಾರಿರಲಿಲ್ಲ, ಬಿರುಕಿನ ಗೆರೆ ಸಹ ಇರಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದಳು.

"ದಿನಾ ಇದರಾಗ ಭತ್ತ ಕಡೀತೀರಿ?"

"ಅದರಾಗ? ಮೊದಲ ದಿನನ ನೋಡೀನಿ. ಒಣಗಿದ್ದೂ ಹಸೀದೂ ಅದಕ್ಕ ಒಂದ. ಕಿವುಡು ಹಲ್ಲು ಕೊಟ್ಟೀರಿ ನೀವು. ಭತ್ತಕ್ಕ ಎಡಗಡಿ, ಊಟಕ್ಕ ಬಲಗಡಿ."

ಅವಳಿಗೆ ನಗು ಬಂತು. ಆದರೆ ಹೇಳದೆ ಹೋದರೆ ಈ ನೆಮ್ಮದಿ ಕದ್ದದ್ದಾಗುತ್ತದೆ ಎನಿಸಿ, ಪಿಂಗಾಣಿ ತೆಳುವಾದ ವಿಷಯವನ್ನೆಲ್ಲ ಹೇಳಿಬಿಟ್ಟಳು. ಅಲ್ಲಿಂದಲೇ ಡಾಕ್ಟರಿಗೂ ಫೋನ್ ಮಾಡಿ ಹೇಳಿದಳು.

"ಗೊತ್ತದ ಉಮಾ. ಕೂರಿಸೋ ಮುಂದ ನಾನೂ ಅಳೆದಿದ್ನಲ್ಲ? ಸ್ವಲ್ಪ ತೆಳು, ನಡೀತದ ಅಂತ ಅವತ್ತ ಬರದಿಟ್ಟೀನಿ," ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, "ಅವತ್ತ ಹೇಳಿದ್ರ ಇಷ್ಟು ದಿನ ಒಬ್ಬಾಕಿನ ಹೊರೋದು ತಪ್ಪತಿತ್ತು," ಎಂದರು.

ಶಂಭುಲಿಂಗಪ್ಪ ಮಾತು ಕೇಳಿಸಿಕೊಂಡಿದ್ದರು. "ಹಲ್ಲು ನಂದು, ಚಿಂತಿ ನಿಂದು. ನಾ ಎರಡು ವರ್ಷ ಆರಾಮ ಉಂಡೀನಲ್ಲ ಬೇ."

ಅವಳು ತಪಾಸಣೆಯ ಹಾಳೆ ಬಿಚ್ಚಿ, "ಈ ಹಲ್ಲಿಗೆ ಹತ್ತಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಎಂದಳು.

"ಊಟಕ್ಕ ಹತ್ತು. ಭತ್ತಕ್ಕ ಸೊನ್ನಿ."

ಅಂಕಕ್ಕೆಂದು ಹಾಳೆಯಲ್ಲಿ ಒಂದೇ ಚೌಕವಿತ್ತು. ಅವಳು ಅದನ್ನು ಗೆರೆ ಎಳೆದು ಎರಡು ಮಾಡಿ, ಎರಡನ್ನೂ ಬರೆದಳು. ಬಾಳಿಕೆಯ ಮುಂದೆ 'ಒಡೆದಿಲ್ಲ' ಎಂದಷ್ಟೇ ಬರೆದರೆ ಸುಳ್ಳಾಗುತ್ತದೆಂದು, 'ಗಟ್ಟಿ ಕಾಳನ್ನು ಈ ಹಲ್ಲಿನಿಂದ ಕಡಿಯುವುದಿಲ್ಲ' ಎಂದು ಸೇರಿಸಿದಳು.

"ಎಡಗಡೀದು ಸವದದ. ಅದಕ್ಕ ಯಾವ ಕ್ಯಾಪ್ ಚೊಲೊ?" ಎಂದರು ಅವರು.

ಬೇರೆ ದಿನವಾಗಿದ್ದರೆ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದಳು.

"ಯಾವುದೂ ಬ್ಯಾಡ್ರಿ ಯಪ್ಪಾ, ಅದೂ ಕಿವುಡಾಗ್ತದ. ತೇವ ನೋಡೋ ಮಷೀನ್ ತರ್ಸ್ರಿ."

"ಮಷೀನ್ ಒಳಗ ಅದ."

"ಮತ್ತ?"

"ಅದು ಖರೆ ಹೇಳ್ತದೋ ಇಲ್ಲೋ ಅಂತ ಕಡದು ನೋಡ್ತೀನಿ," ಎಂದು ಶಂಭುಲಿಂಗಪ್ಪ ಮೂರನೆಯ ರಾಶಿಗೆ ಕೈ ಹಾಕಿದರು.